ವಿಭೂತಿ ಹಚ್ಚಿದ ಪುಸ್ತಕ

ನಾಗರತ್ನಾಳಿಗೆ ಬೇಕಾಗಿದ್ದದ್ದು ಬಾಗಿಲು ಹಾಕಿಕೊಂಡು ಒಬ್ಬಳೇ ಕೂರಲು ದಿನಕ್ಕೆ ಅರ್ಧ ತಾಸು. ಬಂಗಾರ ಕೇಳಿದ್ದರೆ ಗಂಡ ಬಸವಲಿಂಗ “ದೀಪಾವಳಿಗೆ ನೋಡೂಣು” ಎಂದಾದರೂ ಅನ್ನುತ್ತಿದ್ದ. ಇದನ್ನು ಕೇಳಿದಾಗ ಮಾತ್ರ “ಅರ್ಧ ತಾಸು ಒಬ್ಬಾಕಿನ ಕುಂತು ಏನ್ ಮಾಡತಿ?” ಎಂದು ನಿಜವಾಗಿಯೂ ತಿಳಿಯದೆ ಕೇಳಿದ. ಕೆಟ್ಟವನೇನಲ್ಲ. ಬೀಜ, ಗೊಬ್ಬರ, ಪೈಪು ಮಾರುವ ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಒಬ್ಬನೇ ನೊಣ ಹೊಡೆಯುತ್ತ ಕೂರುವವನಿಗೆ, ಅದನ್ನೇ ಇನ್ನೊಬ್ಬರು ಬೇಡಿ ಪಡೆಯಬಹುದು ಎಂದು ಹೇಗೆ ಹೊಳೆದೀತು?

ಅವಳು ಹೂಲಿಯವಳು. ಅಲ್ಲಿಯೂ ಮನೆ ತುಂಬ ಮಂದಿಯೇ. ಆದರೆ ಹಿತ್ತಲಾಚೆ ಹಳೆಯ ಗುಡಿಗಳಿದ್ದವು. ಅವುಗಳಲ್ಲೊಂದರಲ್ಲಿ ದೇವರೂ ಇರಲಿಲ್ಲ, ಪೂಜಾರಿಯೂ ಇರಲಿಲ್ಲ. ಅದರ ತಣ್ಣನೆಯ ಕಂಬಕ್ಕೆ ಬೆನ್ನು ಕೊಟ್ಟು ಬಿ.ಎ.ವರೆಗಿನ ಎಲ್ಲ ಪರೀಕ್ಷೆಗಳಿಗೂ ಓದಿದವಳು. ಆ ಕಂಬ ಅವಳನ್ನು ಏನೂ ಕೇಳುತ್ತಿರಲಿಲ್ಲ. ಯರಗಟ್ಟಿಯ ಗಂಡನ ಮನೆಯಲ್ಲಿ ಕಂಬವೊಂದನ್ನು ಬಿಟ್ಟು ಎಲ್ಲರೂ ಕೇಳುವವರೇ. ಚಹಾ ಆತೇನು, ಕೂಸು ಯಾಕ ಅಳತೈತಿ, ಹಾಲು ಸಾಲತಾವಿಲ್ಲೋ, ಮುಖ ಯಾಕ ಹಂಗ ಮಾಡೀದಿ.

ಬಾಣಂತನ ಮುಗಿಸಿ ತೊಟ್ಟಿಲ ಸಮೇತ ತವರಿನಿಂದ ಬಂದ ಮೇಲೆ ಮುಖ ನಿಜವಾಗಿಯೂ ಹಂಗೇ ಆಗಿತ್ತು. ಕೂಸು ಮಲಗಿದರೂ ಅವಳಿಗೆ ನಿದ್ದೆ ಬಾರದು. ರೊಟ್ಟಿ ಬಡಿಯುತ್ತ ಬಡಿಯುತ್ತ ಕಣ್ಣೀರು ಹಿಟ್ಟಿಗೆ ಬೀಳುವುದು. ಅತ್ತೆ ಸಾವಿತ್ರೆವ್ವ ದೃಷ್ಟಿ ಎಂದು ತೀರ್ಮಾನಿಸಿ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಅತ್ತಿದ್ದರಿಂದ ಅಂದು ನಾಗರತ್ನಾಳ ಅಳು ಎದ್ದು ಕಾಣಲಿಲ್ಲ ಎನ್ನುವುದೇ ಅದರ ಲಾಭ.

ಎದುರು ಮನೆಯಲ್ಲಿ ಹೊಲಿಗೆ ಮಾಡುವ ಕಾಶಿಂಬಿ ಒಂದು ದಿನ ಕಟ್ಟೆಯ ಮೇಲೆ ಕೂತು ಹೇಳಿದಳು: “ನನ್ನ ಸೊಸಿನೂ ಹಿಂಗ ಅಳತಿದ್ಲು ನೋಡ್ರಿ. ಬೆಳಗಾವ್ಯಾಗ ಒಬ್ರು ಡಾಕ್ಟರ್ ಬಾಯಾರು ಅದಾರ. ಸೂಜಿ ಇಲ್ಲ, ಗುಳಿಗಿ ಇಲ್ಲ, ಬರೇ ಮಾತು.”

“ಬರೇ ಮಾತಿಗೆ ಬೆಳಗಾವಿತನ ಯಾಕ ಹೋಗಬೇಕಬೇ? ನಮ್ಮ ಕಟ್ಟೀ ಮ್ಯಾಲೆ ಬೇಕಾದಷ್ಟು ಸಿಗತಾವ” ಎಂದರು ಸಾವಿತ್ರೆವ್ವ.

ಆದರೂ ಬಸವಲಿಂಗ ಕರೆದುಕೊಂಡು ಹೋದ. ಆಪ್ತಸಮಾಲೋಚಕಿ ಸಂಘಮಿತ್ರಾ ಅವರ ಕೋಣೆಯಲ್ಲಿ ತಾನಾಗಿಯೇ ನೀರು ಬೀಳುವ ಪುಟ್ಟ ಯಂತ್ರ, ಮೇಜಿನ ಮೇಲೆ ಕಣ್ಣೊರೆಸುವ ಕಾಗದ, ಗೋಡೆಯ ಮೇಲೆ ನಗುವ ಸೂರ್ಯ. ಅವರು ನಿಧಾನವಾಗಿ ಕೇಳಿಸಿಕೊಂಡರು. ನಡುವೆ ಚಹಾ ಕೇಳಲಿಲ್ಲ. ಅಷ್ಟಕ್ಕೇ ನಾಗರತ್ನಾಳ ಅರ್ಧ ರೋಗ ಇಳಿಯಿತು. ಕೊನೆಗೆ ಅವರು ಮೂರು ಪುಸ್ತಕಗಳ ಹೆಸರು ಹೇಳಿದರು. ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದ, ಮನಸ್ಸು ಮಾಗಿಸುವ, ವ್ಯಕ್ತಿಯನ್ನು ಬೆಳೆಸುವ ಪುಸ್ತಕಗಳು. “ದಿನಾ ಅರ್ಧ ಗಂಟೆ, ಬಾಗಿಲು ಹಾಕಿಕೊಂಡು, ಒಬ್ಬರೇ ಓದಿ. ಇದನ್ನು ಔಷಧಿ ಅಂತ ತಿಳಿಯಿರಿ. ಮೊದಲು ‘ನಿಮ್ಮ ಬೇಲಿ ನೀವೇ ಕಟ್ಟಿ’ ಓದಿ.”

ಬಸ್ಸಿನಲ್ಲಿ ಬರುತ್ತ ನಾಗರತ್ನಾ ಆ ಮಾತನ್ನು ಬಾಯಲ್ಲಿ ಬೆಲ್ಲದಂತೆ ಇಟ್ಟುಕೊಂಡಿದ್ದಳು. ಬಾಗಿಲು ಹಾಕಿಕೊಂಡು. ಒಬ್ಬರೇ. ಡಾಕ್ಟರೇ ಬರೆದುಕೊಟ್ಟಂತಾಯಿತಲ್ಲ!

ತರಿಸಿದ ಆ ಮೂರು ಪುಸ್ತಕಗಳ ಪಾರ್ಸೆಲ್ ಬಂದದ್ದು ಶ್ರಾವಣದ ಮೊದಲ ಸೋಮವಾರ. ಅವಳು ಕೂಸಿಗೆ ಎರೆಯುತ್ತಿದ್ದಳು. ತೆರೆದವರು ಸಾವಿತ್ರೆವ್ವ. ಆ ಮನೆಯಲ್ಲಿ ಶ್ರಾವಣ ಬಂತೆಂದರೆ ಪುರಾಣ ಓದಿಸುವ ರೂಢಿ. ಸಾವಿತ್ರೆವ್ವನ ಸೋದರಮಾವ ಬಸಯ್ಯನವರು ಬಂದು ಓದುತ್ತಿದ್ದರು. ಈ ಸಲ ಅವರ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಪುರಾಣವೇ ನಿಂತುಹೋಗುವುದರಲ್ಲಿತ್ತು. ಅಂಥ ಹೊತ್ತಿನಲ್ಲಿ ಹೊಸ ಪುಸ್ತಕಗಳು ತಾವಾಗಿಯೇ ಮನೆ ಬಾಗಿಲಿಗೆ ಬಂದಿವೆ! ನಾಗರತ್ನಾ ಒದ್ದೆ ಸೀರೆ ಹಿಂಡಿಕೊಂಡು ಹೊರಗೆ ಬರುವಷ್ಟರಲ್ಲಿ ‘ನಿಮ್ಮ ಬೇಲಿ ನೀವೇ ಕಟ್ಟಿ’ ಪಡಸಾಲೆಯ ವ್ಯಾಸಪೀಠದ ಮೇಲಿತ್ತು. ರಕ್ಷಾಪುಟದ ಮೇಲೆ ಕೈಚಾಚಿ ನಿಂತ ಬಿಳಿ ಹೆಂಗಸಿನ ಹಣೆಗೆ ಮೂರು ಬೆರಳಿನ ವಿಭೂತಿ, ಮೇಲೊಂದು ದಾಸವಾಳ.

“ಅತ್ತಿ, ಅದು ಪುರಾಣ ಅಲ್ರಿ. ನಾ ಒಬ್ಬಾಕಿನ ಓದೂ ಪುಸ್ತಕ.”

“ಛಲೋ ಮಾತು ಒಬ್ಬಾಕಿಗೇ ಯಾಕಬೇ? ನಾಕು ಮಂದಿ ಕಿವ್ಯಾಗ ಬಿದ್ರ ನಿನಗೂ ಪುಣ್ಯ.”

“ಬಾಗಲಾ ಹಾಕ್ಕೊಂಡು ಓದ್ರಿ ಅಂದಾರ.”

“ಯಾರು? ಬೆಳಗಾವಿ ಬಾಯಾರು? ಅವರಿಗೇನ ಗೊತ್ತು, ವಿಭೂತಿ ಹಚ್ಚಿದ್ದನ್ನ ಕೂಸಿನ ಉಚ್ಚೀ ಅರಬಿ ಇಟ್ಟ ಖೋಲ್ಯಾಗ ಒಯ್ಯಬಾರ್ದಂತ? ಪೀಠಕ್ಕ ಇಟ್ಟ ಪುಸ್ತಕ ಮುಗಿಯೂತನ ಹಂಗ ಕೆಳಗ ಇಳಸಾಂಗಿಲ್ಲ.”

ಹೀಗೆ ನಾಗರತ್ನಾಳ ಅರ್ಧ ತಾಸು ಇಡೀ ಓಣಿಯದಾಯಿತು. ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಬಂದರು. ಕಾಶಿಂಬಿ ಜಂಪರಿಗೆ ಹುಕ್ಕು ಹಚ್ಚುತ್ತ ಹೊಸ್ತಿಲ ಬಳಿ ಕೂತಳು. ಹಿಂದಿನ ಮನೆಯ ಬಾಯವ್ವ ಗೋಡೆಗೆ ಒರಗುವ ಜಾಗ ಹಿಡಿದಳು. ಪುರಾಣಕ್ಕೆ ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು ಬೇಕು. ಅರ್ಥದ ಹೊಣೆ ಸಾವಿತ್ರೆವ್ವ ಹೊತ್ತರು.

ನಾಗರತ್ನಾ ಓದಿದಳು: “ನಿಮ್ಮ ವೈಯಕ್ತಿಕ ವಲಯದ ಸೀಮಾರೇಖೆಗಳನ್ನು ಅನ್ಯರು ಅತಿಕ್ರಮಿಸಿದಾಗ ಸ್ನೇಹಪೂರ್ವಕ ದೃಢತೆಯಿಂದ ನಿರಾಕರಿಸಿ.”

ಸಾವಿತ್ರೆವ್ವ ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸಿದರು. “ಅಂದ್ರ, ಪಕ್ಕದ ಹೊಲದಾವ ನಮ್ಮ ಬದುವಿನ ಮ್ಯಾಲೆ ನೇಗಿಲಾ ಹೊಡದ್ರ ಸುಮ್ನ ಇರಬಾರ್ದು. ನಗನಗತಾ ಹೇಳಬೇಕು. ಆದ್ರ ಹೇಳಬೇಕು.”

“ನಮ್ಮ ಮೈದುನಗ ನಗನಗತಾ ಹೇಳಿದ್ರ ತಿಳಿಯಾಂಗಿಲ್ಲ ಬಿಡವಾ” ಎಂದಳು ಬಾಯವ್ವ.

ಸುಗಂಧದ ಮೇಣದಬತ್ತಿ ಹಚ್ಚಿ ಬೆಚ್ಚನೆಯ ನೀರಿನಲ್ಲಿ ಮೈ ಚೆಲ್ಲಿ ಎಂದು ಪುಸ್ತಕ ಹೇಳಿತು. ಎಣ್ಣೆ ಹಚ್ಚಿ ಎರೆದುಕೊಳ್ಳುವುದನ್ನು ಹೇಳಲಿಕ್ಕೂ ಪುಸ್ತಕ ಬೇಕಾಯಿತೆ ಎಂದು ಸಭೆ ಮರುಗಿತು. ಮುಂದಿನ ಪುಟದಲ್ಲಿತ್ತು: “ನಿಮ್ಮ ಚೈತನ್ಯವನ್ನು ಹೀರುವ ವ್ಯಕ್ತಿಗಳನ್ನು ನಿಮ್ಮ ಮನೆಯಲ್ಲೇ ಗುರುತಿಸಿ.” ನಾಗರತ್ನಾಳ ನಾಲಗೆ ಎಡವಿತು.

“ಹೆಸರು ಬರದಾರೇನ?” ಬಾಯವ್ವ ಮೆಲ್ಲನೆ ಕೇಳಿದಳು.

“ಬರದಿಲ್ರಿ. ನಾವ ಗುರುತಿಸಿಕೋಬೇಕಂತ.”

ಆ ಸಾಲಿಗೆ ಸಾವಿತ್ರೆವ್ವ ಅರ್ಥ ಹೇಳಲಿಲ್ಲ. “ಮಂಗಳಾರತಿ ತರ್ರಿ” ಎಂದರು.

ಮಂದಿ ಹೋದ ಮೇಲೆ ಗುಡುಗಿದರು: “ತಡವರಿಸಿ ತಡವರಿಸಿ ಓದಿ ನನ್ನ ಮರ್ಯಾದಿ ಕಳದಿ. ನಮ್ಮ ಬಸಯ್ಯ ಮಾವ ಸಂಜೀದು ಮಧ್ಯಾಹ್ನನ ಒಮ್ಮಿ ಓದಿಕೊಂಡಿರತಿದ್ದ.”

“ನಾ ಎಲ್ಲಿ ಓದಿಕೊಳ್ಳೀರಿ? ಪಡಸಾಲ್ಯಾಗ ಮಂದಿ. ಖೋಲ್ಯಾಗ ಒಯ್ಯಬಾರ್ದು ಅಂತೀರಿ.”

ಸಾವಿತ್ರೆವ್ವ ಸುತ್ತಲೂ ನೋಡಿದರು. ಆ ಮನೆಯಲ್ಲಿ ಮೈಲಿಗೆ ಸೋಕದ, ಸಪ್ಪಳ ಬಾರದ, ಒಳಗಿನಿಂದ ಚಿಲಕವಿರುವ ಜಾಗ ಒಂದೇ ಇತ್ತು. “ದೇವರ ಖೋಲ್ಯಾಗ ಕುಂದ್ರು. ಪೀಠಾನೂ ಅಲ್ಲೇ ತಗೊಂಡ ಹೋಗು. ಕೂಸು ನನ್ನ ಕಡೆ ಇರಲಿ.”

ಮರುದಿನ ಮಧ್ಯಾಹ್ನ ನಾಗರತ್ನಾ ಒಳಗೆ ಹೋಗಿ ಚಿಲಕ ಹಾಕಿದಳು. ಮಾಡದಲ್ಲಿ ದೀಪ, ಎಣ್ಣೆಯ ವಾಸನೆ, ತಣ್ಣನೆಯ ಕಡಪಾ ಕಲ್ಲು. ಗೋಡೆಗೆ ಬೆನ್ನು ಕೊಟ್ಟಳು. ಹೂಲಿಯ ಕಂಬ ನೆನಪಾಯಿತು. ಅಂದು ಓದಬೇಕಾದ ಮೊದಲ ಪುಟದ ಎರಡನೇ ಸಾಲಿನಲ್ಲಿ ಸಂಘಮಿತ್ರಾ ಅವರ ಔಷಧಿ ಹತ್ತಿತು. ಅವಳಿಗೆ ನಿದ್ದೆ ಬಂತು.

ಹೊರಗೆ ಸಾವಿತ್ರೆವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲಿಗೆ ಅಡ್ಡ ಕೂತಿದ್ದರು. ಊಟಕ್ಕೆ ಬಂದ ಬಸವಲಿಂಗ “ನಾಗೂ ಎಲ್ಲಿ? ಚಟ್ನಿ ಎಲ್ಲಿಟ್ಟಾಳ?” ಎಂದ.

“ಒಳಗ ಪುರಾಣದ ತಯಾರಿ ನಡಸ್ಯಾಳ. ಚಟ್ನಿ ನಿನ್ನ ಮೂಗಿನ ಮುಂದ ಐತಿ. ಹುಡಿಕ್ಕೊಂಡು ತಿನ್ನು.”

ಗಂಡನನ್ನು ಹೀಗೆ ತಡೆಯುವ ಉಪಾಯ ಆ ಪುಸ್ತಕದ ಯಾವ ಅಧ್ಯಾಯದಲ್ಲೂ ಇರಲಿಲ್ಲ. ದಿನಾ ಮಧ್ಯಾಹ್ನ ನಿದ್ದೆ, ದಿನಾ ಸಂಜೆ ಪಾರಾಯಣ. ಸಿದ್ಧತೆಯೇ ಇಲ್ಲದಿದ್ದರೂ ಓದು ಸುಧಾರಿಸಿತು. ರೊಟ್ಟಿಯ ಹಿಟ್ಟಿಗೆ ಈಗ ನೀರು ಮಾತ್ರ ಬೀಳುತ್ತಿತ್ತು. ಫೋನಿನಲ್ಲಿ ಸಂಘಮಿತ್ರಾ ಕೇಳಿದರು: “ಬೇಲಿ ಕಟ್ಟಿಕೊಂಡಿರಾ? ಮನೆಯಲ್ಲಿ ವಿರೋಧ ಬಂತೆ?”

“ಕಟ್ಟೀನ್ರಿ ಮೇಡಂ. ಬೇಲಿ ಕಾಯಾಕ ನಮ್ಮ ಅತ್ತೀನ ಕುಂತಾರ.”

“ಯಾರು?” ಎಂದು ಸಂಘಮಿತ್ರಾ ಇನ್ನೊಮ್ಮೆ ಕೇಳಿದರು.

ಶ್ರಾವಣ ತೀರುತ್ತ ಬಂದಂತೆ ಪುಟಗಳೂ ತೀರುತ್ತ ಬಂದವು. ನಾಗರತ್ನಾ ಸಂಜೆ ಬೇಕೆಂದೇ ನಿಧಾನ ಓದಿದಳು. ಆದರೂ ಪುಸ್ತಕ ಮುಗಿದೇ ಹೋಯಿತು. ಕಡೆಯ ದಿನ ಹುಗ್ಗಿ ಮಾಡಿ ಮಂಗಲ ಮಾಡಿದರು. ಹೆಂಗಸರು ಪೀಠಕ್ಕೆ ಕೈಮುಗಿದು, ಉಡಿ ತುಂಬಿಸಿಕೊಂಡು ಹೊರಟರು. ಮರುದಿನ ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಕೂಸನ್ನು ಎತ್ತಿಕೊಂಡು ಸುಮ್ಮನೆ ನಿಂತಳು. ದೇವರ ಖೋಲಿಯ ಬಾಗಿಲು ತೆರೆದೇ ಇತ್ತು. ಒಳಗೆ ಹೋಗಲು ಈಗ ಕಾರಣವಿರಲಿಲ್ಲ. ಕೊನೆಗೆ ಹೇಳಿದಳು:

“ಅತ್ತಿ, ನನಗ ಆ ಅರ್ಧ ತಾಸು ಬೇಕ್ರಿ. ಪುಸ್ತಕ ಇದ್ರೂ ಬೇಕು, ಇಲ್ಲದಿದ್ರೂ ಬೇಕು. ಖರೇ ಹೇಳಬೇಕಂದ್ರ, ನಾ ಒಳಗ ಓದತಿದ್ದಿಲ್ಲ. ಮಲಗತಿದ್ದೆ.”

ಸಾವಿತ್ರೆವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ. “ಅಯ್ಯ, ದೊಡ್ಡ ಸುದ್ದಿ ಹೇಳಿದಿ. ನಿನ್ನ ಗೊರಕಿ ಕಟ್ಟೀತನ ಕೇಳತಿತ್ತು. ಕಾಶಿಂಬಿ ಬಂದಾಗ ನಾ ಜೋರಾಗಿ ಶಿವಶಿವಾ ಅನ್ನತಿದ್ದೆ. ಹಂಗ ಅಂದು ಅಂದು ಗಂಟಲಾ ಹರದ ಹೋಗಿತ್ತು.”

ನಾಗರತ್ನಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಮತ್ತ ಮೊದಲ ಹೇಳಬೇಕಿಲ್ಲೋ? ಸುಮ್ನ ಮಲಗತಿದ್ದೆ. ಪುಸ್ತಕ ಯಾಕ ಬೇಕಿತ್ತು?”

“ನಡುಹಗಲ ಬಾಗಲಾ ಹಾಕ್ಕೊಂಡು ಸೊಸಿ ಮಲಗ್ಯಾಳ ಅಂದ್ರ ಓಣಿ ಸುಮ್ನ ಇರತೈತೇನ? ನನ್ನೂ ಕೇಳತೈತಿ, ನಿನ್ನೂ ಕೇಳತೈತಿ. ಓದಾಕತ್ತಾಳ ಅಂದ್ರ ಮುಗೀತು.” ಎಲೆ ಮಡಚಿ ಬಾಯಿಗಿಟ್ಟುಕೊಂಡು ಕೂಸಿಗಾಗಿ ಕೈ ಚಾಚಿದರು. “ನಾ ಹಡದಾಗ ನನಗ ಓದಾಕ ಬರತಿದ್ದಿಲ್ಲ. ಅದಕ್ಕ ಕುಂತ ಕುಂತ ಅಳತಿದ್ದೆ. ಕೊಡು ಇಲ್ಲೆ ಕೂಸಿನ್ನ. ಇನ್ನೆರಡು ಪುಸ್ತಕ ಅದಾವಲ್ಲ, ದಪ್ಪಂದು ಯಾವುದು?”

“‘ನಿಮ್ಮೊಳಗಿನ ಪುಟ್ಟ ಹುಡುಗಿಯನ್ನು ಮಲಗಿಸಿ’ ರೀ.”

“ತಗೊಂಡ ಬಾ, ವಿಭೂತಿ ಹಚ್ಚತೇನಿ.”

“ಶ್ರಾವಣ ಮುಗೀತಲ್ರಿ.”

“ಮನಸು ಶ್ರಾವಣ ನೋಡಿ ಕೆಡತೈತೇನ?”

ನಾಗರತ್ನಾ ಪುಸ್ತಕವನ್ನು ಎದೆಗೊತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿದಳು. ಪುಸ್ತಕಕ್ಕೆ ಕಾಲು ತಾಕಬಾರದೆಂದು ಚಿಕ್ಕಂದಿನಿಂದ ಕಲಿತಿದ್ದಳು. ತಲೆ ತಾಕಬಾರದೆಂದು ಯಾರೂ ಹೇಳಿರಲಿಲ್ಲ. ದಪ್ಪ ಪುಸ್ತಕ, ಸರಿಯಾದ ಎತ್ತರ. ಕಣ್ಣು ಮುಚ್ಚುವಾಗ ಹೊರಗೆ ಕಾಶಿಂಬಿಯ ದನಿ ಕೇಳಿಸಿತು, ಅದರ ಹಿಂದೆಯೇ ಸಾವಿತ್ರೆವ್ವನ ದನಿ:

“ಸಾವಕಾಶ ಮಾತಾಡಬೇ, ಸೊಸಿ ಓದಾಕತ್ತಾಳ.”