ತಡವಾಗಿ ಬೀಳುವ ಎಡಗೈ

ಗಬ್ಬೂರಿನ ಶಾಲೆಯಲ್ಲಿ ಗಣಿತ ಕಲಿಸುವ ಮೌನೇಶ್ವರಿ ದಿನಾ ಬೆಳಿಗ್ಗೆ ರಾಯಚೂರಿನಿಂದ ಬಸ್ಸು ಹಿಡಿಯುತ್ತಾಳೆ. ಸೀಟು ಸಿಕ್ಕಿತೆಂದರೆ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಾಳೆ. ಕಣ್ಣಿಗೆ ಜೊಂಪು ಹತ್ತಿದರೂ ಬೆರಳಿಗೆ ಹತ್ತುವುದಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಅವು ತಮ್ಮ ಪಾಡಿಗೆ ತಾವು ಬಡಿಯುತ್ತಿರುತ್ತವೆ.

"ಏನ್ರೀ ಟೀಚರ್, ಒಳಗಿನ ಪಲ್ಯಾ ಎದ್ದು ಕುಣೀಬೇಕೇನು?" ಎಂದು ಪಕ್ಕದಲ್ಲಿ ಕೂತ ಕಮರುನ್ನೀಸಾ ಟೀಚರ್ ನಗುತ್ತಾಳೆ.

ಈ ಬೆರಳುಗಳು ಒಂದು ಕಾಲಕ್ಕೆ 'ಎರೆನೆಲ'ದ ಬೆರಳುಗಳಾಗಿದ್ದವು ಎಂಬುದು ಕಮರುನ್ನೀಸಾಗೆ ಗೊತ್ತಿಲ್ಲ. ಮೌನೇಶ್ವರಿಯ ಸ್ವಂತ ಮಗಳು ಪ್ರಜ್ಞಾಳಿಗೇ ಬಹಳ ವರ್ಷ ಗೊತ್ತಿರಲಿಲ್ಲ.

ಎರೆನೆಲ ಅಂದರೆ ರಾಯಚೂರಿನ ಮೆಟಲ್ ಬ್ಯಾಂಡು. ಗಿಟಾರಿಗೆ ಇಂಜಿನಿಯರಿಂಗ್ ಓದುತ್ತಿದ್ದ ಶೇಖರ, ಬೇಸ್ ಗಿಟಾರಿಗೆ ಅಕ್ಕಿ ಗಿರಣಿ ಮಾಲಕರ ಮಗ ಮಲ್ಲೇಶ. ಗಿರಣಿಯ ಹಿಂದಿನ ಗೋದಾಮಿನಲ್ಲಿ ಸುತ್ತಲೂ ತೌಡಿನ ಚೀಲ ಒಟ್ಟಿ ನಡುವೆ ಕೂತು ಬಾರಿಸುತ್ತಿದ್ದರು. ಚೀಲಗಳು ಸದ್ದನ್ನು ನುಂಗಿಕೊಂಡು ಹೊರಗೆ ಬರೀ ಎದೆಬಡಿತದಷ್ಟು ಬಿಡುತ್ತಿದ್ದವು. ಡ್ರಮ್ಸ್ ಬಾರಿಸುವ ಹುಡುಗ ಜ್ವರ ಬಂದು ಮಲಗಿದ ದಿನ, ಹಾಡು ಕೇಳಲು ಬಂದಿದ್ದ ಬಿ.ಎಸ್ಸಿ ಹುಡುಗಿ ಮೌನೇಶ್ವರಿ ಸುಮ್ಮನೆ ಹೋಗಿ ಅವನ ಜಾಗದಲ್ಲಿ ಕೂತಳು. ಜ್ವರ ಇಳಿದ ಮೇಲೆ ಆ ಹುಡುಗನಿಗೆ ಜಾಗ ವಾಪಸು ಸಿಗಲಿಲ್ಲ.

ಮಲ್ಲೇಶನ ಮನೆಯಿಂದ ಚಹಾ ಬರುತ್ತಿತ್ತು. ಮಲ್ಲೇಶನಿಗೆ ಸ್ಟೀಲಿನ ಲೋಟ, ಇವಳಿಗೂ ಶೇಖರನಿಗೂ ಕಾಗದದ ಕಪ್ಪು. ಆಮೇಲೆ ಅವಳು ಕೂತು ಬಾರಿಸುವಾಗ ಆ ಕಪ್ಪು, ಆ ಲೋಟ ಎರಡೂ ನೆಲದ ಮೇಲೆ ಒಂದೇ ಸಮ ನಡುಗುತ್ತಿದ್ದವು. ಅದನ್ನು ನೋಡಿ ಅವಳಿಗೆ ಖುಷಿಯಾಗುತ್ತಿತ್ತು.

ಆ ಕೈ ಅವಳಿಗೆ ಬಂದದ್ದು ಹುಟ್ಟೂರು ಚೀಕಲಪರ್ವಿಯಿಂದ. ಅಪ್ಪ ಉರುಕುಂದಪ್ಪ ಹಲಗೆ ಬಾರಿಸುತ್ತಿದ್ದವನು. ಊರಲ್ಲಿ ಯಾರು ಸತ್ತರೂ ಹೆಣದ ಮುಂದೆ ಅವನು ನಡೆಯಬೇಕಿತ್ತು. ದಲಿತ ಸಂಘದ ಮಾತು ಕಿವಿಗೆ ಬಿದ್ದ ವರ್ಷ, ಮನೆಯ ಗೋಡೆಗೆ ಬುದ್ಧನ ಚಿತ್ರ ಬಂದ ವರ್ಷ, ಹಲಗೆಯನ್ನು ತುಂಗಭದ್ರೆಯಲ್ಲಿ ಬಿಟ್ಟು ಬಂದ. "ಯಾರು ಕರೆದ್ರೂ ಹೋಗಿ ಬಡಿಯೋ ಕೈ ನಂದು. ಇದು ನಿನ್ನ ಕೈಗೆ ಬರಬಾರದವ್ವಾ. ನೀ ಪೆನ್ನು ಹಿಡಿ" ಎಂದು ಮಗಳಿಗೆ ಹೇಳಿದ. ಹೇಳಿದವನ ಬೆರಳು ಮಾತ್ರ ಸಂಜೆಯಾದರೆ ಮಂಚದ ಪಟ್ಟಿಯ ಮೇಲೆ ಹೆಣದ ಮುಂದಿನ ಆ ನಿಧಾನದ ಬಡಿತವನ್ನು ಬಡಿಯುತ್ತಲೇ ಇದ್ದವು. ಮಗಳು ಪಕ್ಕದಲ್ಲಿ ಕೂತು ಮಗ್ಗಿ ಬರೆಯುತ್ತಿದ್ದಳು. ಪೆನ್ನು ಹಿಡಿದಳು, ಆ ಬಡಿತವೂ ಕೈಗೆ ಬಂತು.

ಎರೆನೆಲದ ಮೊದಲ ಸಿಡಿಯ ಮೊದಲ ಹಾಡು 'ಬಿರುಕು'. ಅಪ್ಪನ ಮಂಚದ ಬಡಿತವನ್ನೇ ಅವಳು ಗಾಳಿಗೆ ಸಿಕ್ಕ ಬೆಂಕಿಯಂತೆ ಓಡಿಸಿದ್ದಳು. ಸಿಡಿ ಹೊರಬರುವಾಗ ಅವಳೇ ಶೇಖರನಿಗೆ ಹೇಳಿದಳು, "ನನ್ನ ಹೆಸರ ಹಾಕಬ್ಯಾಡ ಶೇಖರಾ. ಅಪ್ಪಗ ಗೊತ್ತಾದ್ರ ಮಾತ ಬಿಡ್ತಾನ." ಶೇಖರ ಒಂದು ಸಲವೂ ಹಾಗೆ ಬೇಡ, ಹೆಸರು ಇರಲಿ ಎನ್ನಲಿಲ್ಲ. ಅಷ್ಟು ಬೇಗ ಒಪ್ಪಿಕೊಂಡನಲ್ಲ ಎಂದು ಅವಳಿಗೆ ಅನ್ನಿಸಿದ್ದು ಬಹಳ ವರ್ಷಗಳ ಮೇಲೆ.

ಇಬ್ಬರ ಮದುವೆಯಾಯಿತು. ಅತ್ತೆಯ ಮುಂದೆ ಗಂಡನ ಹೆಸರು ಹಿಡಿದು ಕರೆಯುವಂತಿರಲಿಲ್ಲ. 'ಶೇಖರಾ' ಹೋಗಿ 'ರೀ' ಬಂತು. ಬಸುರಾದಳು, ಮಗಳು ಹುಟ್ಟಿದಳು. ಗಿರಣಿಗೆ ಹೊಸ ಯಂತ್ರ ಬಂದು ಗೋದಾಮು ಇವರ ಕೈ ತಪ್ಪಿತು. ಡ್ರಮ್ಸು ಇವರ ಬಾಡಿಗೆ ಮನೆಯ ಮುಂದಿನ ಕೋಣೆಗೆ ಬಂತು. ಅದರ ಹಿಂದೆ ಅಂಬರೀಶ ಎಂಬ ಹೊಸ ಹುಡುಗ ಕೂತ. "ಕೂಸು ಸ್ವಲ್ಪ ದೊಡ್ಡದಾಗಲಿ, ಅಲ್ಲೀತನಾ ಅಷ್ಟ" ಎಂದು ಶೇಖರ ಹೇಳಿದ್ದ. ಕೂಸು ದೊಡ್ಡದಾಗುತ್ತಲೇ ಇತ್ತು. ಆದರೆ ಈಗ ಸಾಕು, ಇಷ್ಟು ದೊಡ್ಡದಾದರೆ ಆಯಿತು ಎಂದು ಯಾರೂ ಹೇಳಲಿಲ್ಲ.

ಅಭ್ಯಾಸದ ದಿನ ಅಡುಗೆಮನೆಯಲ್ಲಿ ಅವಳು ಅಷ್ಟೂ ಮಂದಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಆಚೆ ಅಂಬರೀಶನ ತಾಳ ತಪ್ಪುತ್ತಿತ್ತು. ತಪ್ಪಿದ್ದು ಕೇಳಿ ಅವಳ ಅಂಗೈ ಹಿಟ್ಟಿನ ಮೇಲೆ ಸರಿಯಾಗಿ ಬೀಳುತ್ತಿತ್ತು, ಸ್ವಲ್ಪ ಜೋರಾಗಿಯೇ. ಎಷ್ಟೋ ಸಲ ಆ ಬಡಿತ ಹಿಡಿದು ಅವನು ದಾರಿಗೆ ಬರುತ್ತಿದ್ದ. ಊಟಕ್ಕೆ ಕೂತಾಗ ಶೇಖರ ಅವನ ಬೆನ್ನು ತಟ್ಟುತ್ತಿದ್ದ.

"ಇವತ್ತು ಕುದುರಿದಿ ನೋಡು ಮಗನ! ಇನ್ನೊಂದ ರೊಟ್ಟಿ ಹಾಕೇ ಅವಗ."

ಅವಳು ಹಾಕುತ್ತಿದ್ದಳು.

ಒಮ್ಮೆ ಉರುಕುಂದಪ್ಪ ಮೊಮ್ಮಗಳನ್ನು ನೋಡಲು ಬಂದ. ಶೇಖರ ಹೆಮ್ಮೆಯಿಂದ ಮಾವನಿಗೆ ಸಿಡಿ ಹಾಕಿ ಕೇಳಿಸಿದ. ಮೌನೇಶ್ವರಿ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದಳು. 'ಬಿರುಕು' ಮುಗಿಯುವ ತನಕ ಮುದುಕ ಚಹಾ ಮುಟ್ಟಲಿಲ್ಲ.

"ಯಾರು ಅಳಿಯಾರ, ಇದನ್ನ ಬಾರಿಸಿದವ?"

"ನಮ್ಮ ಹುಡುಗ ಒಬ್ಬ ಅದಾನ್ರಿ ಮಾವಾರ. ಅಂಬರೀಶ ಅಂತ."

"ಹುಡುಗನ ಕೈ ಚೊಲೋ ಅದ" ಎಂದ ಉರುಕುಂದಪ್ಪ. "ಸುತ್ತು ಮುಗಿಯೋ ಮುಂದ ಎಡಗೈ ಒಂದೀಟು ತಡಾ ಬೀಳ್ತದ. ನಂದೂ ಹಂಗ ಬೀಳ್ತಿತ್ತು. ನಮ್ಮಪ್ಪ ಎಷ್ಟು ಬೈದ್ರೂ ಹೋಗಲಿಲ್ಲ."

ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಕಪ್ಪನ್ನು ಮಗಳ ಕೈಗೆ ಕೊಟ್ಟ. ಕೊಡುವಾಗ ಅವಳ ಎಡಗೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡ. ಹಾಲು ಉಕ್ಕಿತೆಂದು ಒಳಗಿನಿಂದ ಅತ್ತೆ ಕೂಗಿದಳು. ಅವಳು ಓಡಿದಳು. ಅಪ್ಪನ ಹತ್ತಿರ ಆ ಮಾತನ್ನು ಮತ್ತೆ ಎತ್ತಬೇಕು, ನಂದೇ ಅಪ್ಪಾ ಎನ್ನಬೇಕು ಎಂದುಕೊಳ್ಳುತ್ತಲೇ ಇದ್ದಳು. ಮುಂದಿನ ಬೇಸಿಗೆಯಲ್ಲಿ ಅವನು ತೀರಿಕೊಂಡ. ಅವನು ಮೊದಲೇ ಹೇಳಿಟ್ಟಿದ್ದಂತೆ ಅವನ ಹೆಣದ ಮುಂದೆ ಯಾರೂ ಹಲಗೆ ಬಾರಿಸಲಿಲ್ಲ.

ಅವಳಿಗೆ ಗಬ್ಬೂರಿನ ಕೆಲಸ ಸಿಕ್ಕಿತು. ಮನೆಗೆ ರೊಟ್ಟಿ ಅಂಗಡಿಯಿಂದ ಬರತೊಡಗಿತು. ಗೋಡೆಯ ಆಚೆ ಅಂಬರೀಶನಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಎರಡನೆಯ ಸಿಡಿಯ ಹಾಡುಗಳು ಮೆತ್ತಗಾದವು, ಮೂರನೆಯದರಲ್ಲಿ ಪ್ರೇಮಗೀತೆಗಳು ಬಂದವು. ಆಮೇಲೆ ಎರೆನೆಲ ಮಾನ್ವಿಯ ಮದುವೆ ಮಂಟಪಗಳಲ್ಲಿ ಸಿನಿಮಾ ಹಾಡು ಬಾರಿಸಿತು, ಅಂಗಡಿ ಉದ್ಘಾಟನೆಗೆ ಬಾರಿಸಿತು, ನಾಯಕರ ಹುಟ್ಟುಹಬ್ಬಕ್ಕೂ ಬಾರಿಸಿತು. ಹಳೆಯ ಅಭಿಮಾನಿಗಳು ಯೂಟ್ಯೂಬಿನ ಕೆಳಗೆ ಬರೆದರು: ಮೊದಲನೇ ಸಿಡಿ ಬೆಂಕಿ, ಆಮೇಲಿಂದೆಲ್ಲ ಬೂದಿ. ಯಾಕೆ ಹೀಗಾಯಿತೆಂದು ಉದ್ದುದ್ದ ಚರ್ಚೆ ನಡೆಯಿತು. ಜನರ ರುಚಿ ಕೆಟ್ಟಿತೆಂದು ಒಬ್ಬ, ಮಲ್ಲೇಶ ಗಿರಣಿಗೆ ಅಂಟಿಕೊಂಡದ್ದೇ ಕಾರಣವೆಂದು ಇನ್ನೊಬ್ಬ. ಮೌನೇಶ್ವರಿ ಬಸ್ಸಿನಲ್ಲಿ ಕೂತು ಎಲ್ಲವನ್ನೂ ಓದುತ್ತಿದ್ದಳು. ಕಾರಣ ಅವಳಿಗೆ ಗೊತ್ತಿತ್ತು. ಆ ಗೊತ್ತಿರುವಿಕೆಯನ್ನು ಬೀರುವಿನ ಒಳಗಿನ ರೇಷ್ಮೆ ಸೀರೆಯ ಹಾಗೆ ಇಟ್ಟುಕೊಂಡಿದ್ದಳು. ತೆಗೆದು ಉಟ್ಟರೆ ಸಾಕು, ಎಲ್ಲ ಮೊದಲಿನಂತಾಗುತ್ತದೆ ಎಂಬ ನಂಬಿಕೆ.

ಉಡುವ ದಿನವೂ ಬಂತು. ಊರಿನ ಹುಡುಗರು ಸಂಗೀತ ಸಂಜೆ ಇಟ್ಟುಕೊಂಡಿದ್ದರು. ಎರೆನೆಲ ಬೇಕು, ಮೊದಲ ಸಿಡಿಯ ಹಾಡುಗಳೇ ಬೇಕು ಎಂದರು. ಶೇಖರ ಬಟ್ಟೆ ಮಡಚುತ್ತಿದ್ದ ಹೆಂಡತಿಯ ಮುಂದೆ ಬಂದು ನಿಂತ.

"ಅಂಬರೀಶಗ ಆಗೂದಿಲ್ಲ. ನೀ ಕೂಡ್ತಿಯೇನು?"

"ಹೆಸರ ಹೇಳ್ತೀರಿ? ಮೈಕಿನ್ಯಾಗ? ನನ್ನ ಹೆಸರು?"

"ಹೇಳೂಣು ಬಿಡು, ಅದರಾಗೇನದ!"

ಅರ್ಧ ಮಡಚಿದ ಅಂಗಿ ಅವಳ ಕೈಯಲ್ಲೇ ಉಳಿಯಿತು.

ಅಭ್ಯಾಸಕ್ಕೆ ಮಲ್ಲೇಶ ಈಗ ಖಾಲಿ ಬಿದ್ದಿದ್ದ ಗಿರಣಿಯ ಹಳೆಯ ಗೋದಾಮು ತೆರೆಸಿದ. ತೌಡಿನ ಚೀಲಗಳಿರಲಿಲ್ಲ, ಬರಿಯ ಗೋಡೆ. ಮೌನೇಶ್ವರಿ ಸೆರಗು ಸಿಕ್ಕಿಸಿಕೊಂಡು ಕೂತಳು, ಕಡ್ಡಿ ಎತ್ತಿದಳು. ಶುರು ಚೆನ್ನಾಗಿತ್ತು. ವೇಗ ಏರುವಲ್ಲಿ ಬಲಗೈ ಮುಂದೆ ಹೋಯಿತು, ಎಡಗೈ ಬರಲೇ ಇಲ್ಲ. ತಡವೂ ಅಲ್ಲ, ಬರಲೇ ಇಲ್ಲ. ಮತ್ತೆ ಬಾರಿಸಿದಳು, ಮತ್ತೆ ಹಾಗೇ ಆಯಿತು. ಮಣಿಕಟ್ಟಿನಲ್ಲಿ ಬಟ್ಟೆ ಹಿಂಡುವಾಗ ಏಳುವ ಅದೇ ನೋವು ಎದ್ದಿತು. ಶೇಖರನ ಬೆರಳೂ ತಂತಿಯ ಮೇಲೆ ಎಡವುತ್ತಿದ್ದವು, ದನಿಯೂ ಮೇಲೇರಲಿಲ್ಲ. ಆದರೆ ಅವಳು ತನ್ನನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಅವರ ಸಂಗೀತ ಸತ್ತಿತು, ನನ್ನದು ಒಳಗೆ ಭದ್ರವಾಗಿದೆ ಎಂದುಕೊಂಡಿದ್ದಳು. ಮಡಿಕೆಯಲ್ಲೇ ಸೀರೆ ಹರಿದಿತ್ತು.

ಮಲ್ಲೇಶನೇ ಮೊದಲು ಬಾಯಿ ಬಿಟ್ಟ. "ಒಂದು ಕೆಲಸಾ ಮಾಡೂಣು. ಹಳೇ ರೆಕಾರ್ಡಿಂಗ್ ಹಚ್ಚಿಬಿಡೂಣು. ಮ್ಯಾಲ ಸುಮ್ಮನ ಕೈ ಆಡಿಸಿದ್ರಾತು."

"ಕೈ ಆಡಸಾಕ ಅಂಬರೀಶನ ಸಾಕು" ಎಂದ ಶೇಖರ, ಗಿಟಾರಿನ ಕಡೆ ನೋಡುತ್ತ. "ಹುಡುಗರಿಗೆ ಅವನ ಮುಖಾ ಗೊತ್ತದ."

"ಮತ್ತ ಹೆಸರು?" ಎಂದು ಅವಳು ಕೇಳಿದಳು.

"ಹೆಸರೇನದ ಈಗ? ಎರೆನೆಲ ಅಂತಾರ, ಅಷ್ಟ." ಗಿಟಾರು ಕೆಳಗಿಡುತ್ತ ಮತ್ತೆ ಹೇಳಿದ, "ಹಾಕಬ್ಯಾಡ ಅಂದಾಕಿ ನೀನ ಅಲ್ಲೇನು?"

ಅದು ಸುಳ್ಳಲ್ಲ. ಕಡ್ಡಿಗಳನ್ನು ಡ್ರಮ್ಮಿನ ಮೇಲೆ ಇಟ್ಟು, ಸೆರಗು ಬಿಡಿಸಿ ಎದ್ದಳು.

ಕಾರ್ಯಕ್ರಮದ ಸಂಜೆ ಪ್ರಜ್ಞಾಳ ಜೊತೆ ಜನರ ಹಿಂದೆ ನಿಂತಳು. ಕೊನೆಯ ಹಾಡಾಗಿ 'ಬಿರುಕು' ಶುರುವಾದ ಕೂಡಲೇ ಹುಡುಗರು ಚೀರಿದರು. ಬೀರುವಿನಷ್ಟು ದೊಡ್ಡ ಸ್ಪೀಕರುಗಳಿಂದ ಆ ಹಳೆಯ ಹುಡುಗಿ, ಯಾರ ಅಡುಗೆಯನ್ನೂ ಇನ್ನೂ ಮಾಡಿರದವಳು, ಓಡೋಡಿ ಬಂದಳು. ವೇದಿಕೆಯ ಮೇಲೆ ಅಂಬರೀಶ ತಲೆ ಕೊಡವುತ್ತ ಗಾಳಿಗೆ ಕೈ ಬೀಸುತ್ತಿದ್ದ. ಮೌನೇಶ್ವರಿ ಅಳಲಿಲ್ಲ. ಕೈಚೀಲವನ್ನು ಎದೆಗೆ ಒತ್ತಿಕೊಂಡು ಸುತ್ತು ಮುಗಿಯುವುದನ್ನೇ ಕಾಯುತ್ತಿದ್ದಳು.

"ಮಮ್ಮಿ, ನೋಡಲ್ಲೆ" ಎಂದಳು ಪ್ರಜ್ಞಾ ಕಿವಿಯ ಹತ್ತಿರ ಬಾಗಿ. "ಅಂಬರೀಶ ಅಂಕಲ್ ಎಡಗೈ ಮೊದಲ ಬಿತ್ತು, ಸದ್ದು ಆಮ್ಯಾಲ ಬಂತು. ಸುಳ್ಳ ಬಾರಸಾಕತ್ತಾನ!"

"ಹೂಂ."

"ಮತ್ತ ಇದು ಯಾರ ಕೈ?"

ಮೌನೇಶ್ವರಿ ಮಗಳ ಕಡೆ ತಿರುಗಿದಳು. ಗದ್ದಲದಲ್ಲಿ ದನಿ ಎತ್ತಿ ಹೇಳಬೇಕಾಯಿತು. "ನಂದು. ನನಗೂ ಮೊದಲು ನಿಮ್ಮಜ್ಜಂದು."

ಪ್ರಜ್ಞಾ ನಗಲು ಹೋಗಿ ನಿಂತಳು. ತಾಯಿಯ ಮುಖ, ಆಮೇಲೆ ಕೈಚೀಲ ಹಿಡಿದ ಕೈ ನೋಡಿದಳು. "ಮತ್ತ ಯಾಕ ಬಿಟ್ಟಿ?"

ಅಷ್ಟರಲ್ಲಿ ಹಾಡು ಮುಗಿಯಿತು. ಶೇಖರ ಬೆವರು ಒರೆಸಿಕೊಳ್ಳುತ್ತ, ಮುಖ ತುಂಬ ಬೆಳಕಾಗಿ, ಜನರ ನಡುವಿನಿಂದ ಬಂದ.

"ಕೇಳಿದೇನು ಚಪ್ಪಾಳಿ? ಎಲ್ಲಾರೂ ಮನೀಗೆ ಬರಾಕತ್ತಾರ. ಒಂದೀಟು ರೊಟ್ಟಿ..."

"ಅಂಗಡಿ ತೆರೆದಿರತದ, ಶೇಖರಾ" ಎಂದಳು ಅವಳು.

ಆ ಹೆಸರು ಕೇಳಿ ಅವನು ಒಂದು ಗಳಿಗೆ ತಬ್ಬಿಬ್ಬಾದ. ಅಷ್ಟರಲ್ಲಿ ಯಾರೋ ಹುಡುಗರು ಫೋಟೋಕ್ಕೆಂದು ಅವನ ಹೆಗಲಿಗೆ ಕೈ ಹಾಕಿ ಎಳೆದುಕೊಂಡು ಹೋದರು. ಪ್ರಜ್ಞಾ ತಾಯಿಯ ಎಡಗೈ ಹಿಡಿದುಕೊಂಡಳು. ಮಣಿಕಟ್ಟು ಇನ್ನೂ ನೋಯುತ್ತಿತ್ತು. ಆದರೂ ಮೌನೇಶ್ವರಿ ಕೈ ಬಿಡಿಸಿಕೊಳ್ಳಲಿಲ್ಲ.