ಅಕ್ಕ ಕದಿಯತೊಡಗಿದ ವರ್ಷ

ಅಮ್ಮ ತೀರಿಕೊಂಡಾಗ ನನಗೆ ಏಳು ವರ್ಷ, ಅಕ್ಕನಿಗೆ ಹದಿನೆಂಟು. ನನಗೆ ಜಡೆ ಹಾಕಿ, ಊಟದ ಡಬ್ಬಿ ಕಟ್ಟಿಕೊಟ್ಟು, ಆಮೇಲೆ ತಾನು ಕಾಲೇಜಿಗೆ ಓಡುತ್ತಿದ್ದಳು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ನಿವೃತ್ತಳಾದ ಮೇಲೆ ಗಿರಿನಗರದಲ್ಲಿ ಒಬ್ಬಳೇ ಇದ್ದಳು. ಶಾಲೆಯ ಸೀಮೆಸುಣ್ಣದ ತುಂಡೊಂದು ಮರೆತು ಬ್ಯಾಗಿನಲ್ಲಿ ಬಂದುಬಿಟ್ಟರೆ ಮರುದಿನ ವಾಪಸ್ ಒಯ್ದು ಡಬ್ಬದಲ್ಲಿ ಹಾಕುವವಳು.

ಅಂಥವಳು ಅರವತ್ತಮೂರನೇ ವಯಸ್ಸಿನಲ್ಲಿ ಕದಿಯತೊಡಗಿದಳು.

ಮೊದಲ ಸಲ ಗೊತ್ತಾಗಿದ್ದು ಬನಶಂಕರಿಯ ಕಾಂಡಿಮೆಂಟ್ಸ್ ಅಂಗಡಿಯಲ್ಲಿ. ನಾನೂ ಜೊತೆಗಿದ್ದೆ. ಹೊರಡುವಾಗ ಅಂಗಡಿಯವರು ಸಂಕೋಚದಿಂದಲೇ ತಡೆದರು. "ಮೇಡಂ, ತಪ್ಪು ತಿಳ್ಕೋಬೇಡಿ. ಸ್ವಲ್ಪ ಬ್ಯಾಗ್ ತೋರಿಸ್ತೀರಾ?"

ಬ್ಯಾಗಿನಲ್ಲಿ ನಾಲ್ಕು ಪೊಟ್ಟಣ ಕೋಡುಬಳೆ ಇತ್ತು. ಅಕ್ಕನ ಮುಖ ಒಂದಿಷ್ಟೂ ಬದಲಾಗಲಿಲ್ಲ.

"ಹೌದು, ಎತ್ಕೊಂಡೆ. ಚೆನ್ನಾಗಿರತ್ತೆ" ಅಂದಳು.

ಆಟೋದಲ್ಲಿ ನಾನು ಅಳುತ್ತಾ ಕೇಳಿದೆ, "ಏನಕ್ಕಾ ಇದು? ಯಾಕೆ ಹಿಂಗೆ ಮಾಡ್ದೆ?" ಅವಳು ಹೊರಗೆ ರಸ್ತೆ ನೋಡುತ್ತಾ, "ತಿನ್ಬೇಕು ಅನ್ನಿಸ್ತು" ಅಂದಳು. ಅಷ್ಟೇ.

ಆಮೇಲೆ ಒಂದೊಂದೇ ಶುರುವಾಯಿತು. ಮದುವೆ ಮನೆಯಲ್ಲಿ ಪಕ್ಕದವರ ಎಲೆಯಿಂದ ಹೋಳಿಗೆ ತೆಗೆದುಕೊಂಡಳು. ಪಾರ್ಕಿನಲ್ಲಿ ಗುರುತಿಲ್ಲದ ಹೆಂಗಸಿಗೆ "ಎಷ್ಟು ದಪ್ಪ ಇದೀರಿ, ಕೂತ್ರೆ ಬೆಂಚ್ ಮುರಿಯತ್ತೆ" ಅಂದಳು. ನೆಂಟರು ಬಾಯಿಚಪಲ ಅಂದರು, ಕೊಬ್ಬು ಅಂದರು. ಇಷ್ಟು ವರ್ಷ ಒಳಗೆ ಅದುಮಿಟ್ಟುಕೊಂಡಿದ್ದ ಸ್ವಭಾವ ಈಗ ಹೊರಗೆ ಬರುತ್ತಿದೆ ಎಂದು ನಾನೂ ನಂಬಿದೆ. ಡಾಕ್ಟರಿಗೆ ತೋರಿಸಬೇಕು ಎಂದು ಹೊಳೆಯಲೇ ಇಲ್ಲ. ಕಳ್ಳತನಕ್ಕೆ, ಒರಟುತನಕ್ಕೆ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರೆಯೇ?

ಮರುವರ್ಷ ನನ್ನ ಗಂಡ ಹೃದಯಾಘಾತದಿಂದ ಹೋದರು. ವೈಕುಂಠ ಸಮಾರಾಧನೆಯ ದಿನ, ಊಟದ ಪಂಕ್ತಿ ಕೂತಿತ್ತು. ಅವರ ಫೋಟೋ ಮುಂದೆ ನಿಂತು ನಾನು ಅಳುತ್ತಿದ್ದೆ. ಅಕ್ಕ ಎಲೆಯ ಮುಂದಿನಿಂದಲೇ ಕೂಗಿದಳು.

"ಸಾಕು ಅಳೋದು. ವಡೆ ಆರಿಹೋಗ್ತಿದೆ, ಬಡಿಸೋಕೆ ಹೇಳು. ಅವನೇನು ಎದ್ದು ಬರ್ತಾನಾ?" ಎಂದು ನಕ್ಕಳು.

ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿ ಗೇಟಿನ ತನಕ ಎಳೆದುಕೊಂಡು ಹೋದೆ. "ನೀನು ನಮ್ಮಕ್ಕ ಅಲ್ಲ. ಇನ್ಮೇಲೆ ಈ ಮನೆಗೆ ಕಾಲಿಡಬೇಡ."

"ಪಾಯಸ ಇನ್ನೂ ಬಡಿಸಿಲ್ಲ" ಅಂದಳು ಅವಳು, ನನ್ನ ಭುಜದ ಮೇಲಿಂದ ಒಳಗೆ ನೋಡುತ್ತಾ.

ಒಂದೂವರೆ ವರ್ಷ ಮಾತಾಡಲಿಲ್ಲ. ಮೊದಮೊದಲು ಫೋನ್ ಮಾಡುತ್ತಿದ್ದಳು, ನಾನು ಕಟ್ ಮಾಡುತ್ತಿದ್ದೆ. ಆಮೇಲೆ ಫೋನ್ ಬರುವುದು ನಿಂತಿತು. ಅದನ್ನೂ ಸೊಕ್ಕು ಅಂದುಕೊಂಡೆ.

ಒಂದು ಬೆಳಿಗ್ಗೆ ಅವಳ ಕೆಳಮನೆಯ ಹುಡುಗಿ ಫೋನ್ ಮಾಡಿದಳು. "ಆಂಟಿ, ನಿಮ್ಮಕ್ಕ ಸಾರಕ್ಕಿ ಮಾರ್ಕೆಟ್ ಹತ್ರ ಸಿಕ್ಕಿದ್ರು. ಬಾಳೆಹಣ್ಣು ಕಿತ್ಕೊಂಡು ತಿಂತಿದ್ರಂತೆ, ಯಾರೋ ಹೊಡೆದುಬಿಟ್ಟಿದ್ದಾರೆ. ಮಾತೇ ಆಡ್ತಿಲ್ಲ. ಬೇಗ ಬನ್ನಿ."

ಕೆನ್ನೆ ಊದಿತ್ತು. ಸೀರೆಯ ಮೇಲೆ ಹಣ್ಣಿನ ಕಲೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದರು. ಮೆದುಳಿನ ಡಾಕ್ಟರು ನನಗಿಂತ ಬಹಳ ಚಿಕ್ಕವರು, ಪರದೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಹೇಳಿದರು.

"ಇಲ್ನೋಡಿ ಮೇಡಂ, ಹಣೆ ಹಿಂದಿನ ಭಾಗ. ಎತ್ಕೊಳ್ಳೋಣ, ಬೈದ್ಬಿಡೋಣ, ಇನ್ನೊಂದು ತಿನ್ನೋಣ ಅಂತ ನಮಗೆಲ್ಲಾ ಅನ್ಸುತ್ತೆ. ಅದನ್ನ ತಡೆಯೋದು ಮುಖ್ಯವಾಗಿ ಈ ಭಾಗ. ಇವರಿಗೆ ಇದು ಸವೆದುಹೋಗಿದೆ."

"ಅಂದ್ರೆ ಅವಳು ಬೇಕು ಅಂತ ಮಾಡಿದ್ದಲ್ವಾ?"

"ಅಲ್ಲ. ಬೇರೆಯವರು ಅತ್ರೆ ನಮಗೆ ಒಳಗೆ ಸಂಕಟ ಆಗುತ್ತಲ್ಲ, ಅದೂ ಇವರಿಗೆ ಆಗ್ತಿರಲಿಲ್ಲ. ಶುರುವಾಗಿ ನಾಕೈದು ವರ್ಷ ಆಗಿರ್ಬೇಕು."

ಆ ಕುರ್ಚಿಯಲ್ಲೇ ಕೂತು ಹಿಂದಕ್ಕೆ ಲೆಕ್ಕ ಹಾಕಿದೆ. ಗೇಟಿನ ತನಕ ಎಳೆದುಕೊಂಡು ಹೋದ ದಿನವೂ ಆ ವರ್ಷಗಳೊಳಗೇ ಬಂತು. ಅವತ್ತು ಅವಳ ಮೆದುಳಿಗೆ ತಡೆಯುವ ಶಕ್ತಿ ಇರಲಿಲ್ಲ. ನನ್ನದಕ್ಕೆ ಇತ್ತು. ಫೋನ್ ಕಟ್ ಮಾಡುವಾಗಲೂ ಇತ್ತು. ನಮ್ಮ ಚಿಕ್ಕಪ್ಪ ಕುಡಿದು ಕುಡಿದೇ ಸತ್ತವರು. ಅವರನ್ನು ನೀತಿಗೆಟ್ಟವನೆಂದು ನಾವೆಲ್ಲ ಎಷ್ಟು ಸಲೀಸಾಗಿ ಅಂದಿದ್ದೆವು. ಅವರ ತಲೆಯೊಳಗೆ ಏನಿತ್ತೋ, ಯಾರು ನೋಡಿದ್ದರು?

ಅಕ್ಕನನ್ನು ಜಯನಗರಕ್ಕೆ ನನ್ನ ಮನೆಗೇ ಕರೆತಂದೆ. ಅಡುಗೆಮನೆಗೆ ಬೀಗ ಹಾಕಬೇಕಾಗಿತ್ತು. ಹಸಿ ಹಿಟ್ಟನ್ನೂ ತಿಂದುಬಿಡುತ್ತಿದ್ದಳು. ಮಾತು ಪೂರ್ತಿ ಹೋಗಿತ್ತು. ನನ್ನ ಗುರುತು ಇತ್ತೋ ಇಲ್ಲವೋ, ಹೇಳಲಾರೆ. ಒಂದು ಮಧ್ಯಾಹ್ನ ಮೊಸರನ್ನ ತಿನ್ನಿಸುತ್ತಾ ತಡೆಯಲಾಗದೆ ಅಂದೆ, "ಅಕ್ಕ, ನಂದು ತಪ್ಪಾಯ್ತು. ನಿನ್ನ ಕಾಯಿಲೆ ನಂಗೆ ಗೊತ್ತಾಗ್ಲಿಲ್ಲ. ಹೊರಗೆ ತಳ್ಳಿಬಿಟ್ಟೆ."

ಅವಳು ಬಾಯಿ ತೆರೆದು ಮುಂದಿನ ತುತ್ತಿಗೆ ಕಾಯುತ್ತಿದ್ದಳು. ನಾನು ಅಳುವುದನ್ನು ನೋಡಿದಳು, ಚಮಚ ನೋಡಿದಳು. ಅವಳಿಗೆ ಬೇಕಾಗಿದ್ದುದು ಚಮಚ. ಕೊಟ್ಟೆ.

ಎರಡು ವರ್ಷ ನನ್ನ ಜೊತೆಯಿದ್ದಳು. ಕೊನೆಗೆ ನುಂಗುವುದೂ ಕಷ್ಟವಾಗಿ, ಅನ್ನ ಶ್ವಾಸಕೋಶಕ್ಕೆ ಇಳಿದು, ನ್ಯುಮೋನಿಯಾ ಆಗಿ ಹೋದಳು. ಬಂದ ನೆಂಟರು "ಪಾಪ, ಕಾಯಿಲೆ ಅಂತ ನಮಗೇನು ಗೊತ್ತಿತ್ತು, ನೀನು ಮನಸ್ಸಿಗೆ ಹಚ್ಕೋಬೇಡ" ಅಂದರು. ಹೂಂ ಅಂದೆ. ನನಗೆ ಗೊತ್ತಾಗಬೇಕಿತ್ತು. ನನ್ನನ್ನು ಸಾಕಿದವಳು ಎಂಥವಳೆಂದು ಲೋಕದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.