ಧಕ್ಕೆಯ ಗಾಳದ ಮಾವ
ಬಂದರಿನಲ್ಲಿ ಹಡಗು ನಿಲ್ಲುವ ಧಕ್ಕೆಯ ಮೇಲೆ ಮೀನು ಹಿಡಿಯುವವರೆಲ್ಲ ಅವನನ್ನು ಗಾಳದ ಮಾವ ಎನ್ನುತ್ತಾರೆ. ಕ್ರೇನ್ ನಡೆಸುವ ಕೆಲಸದಿಂದ ನಿವೃತ್ತನಾದರೂ ಬೆಳಿಗ್ಗೆ ಆರಕ್ಕೆ ಇಸ್ತ್ರಿ ಅಂಗಿ ತೊಟ್ಟು, ಹಡಗಿನ ಹಗ್ಗ ಕಟ್ಟುವ ಕಬ್ಬಿಣದ ಗೂಟದ ಪಕ್ಕ ಹಾಜರು. ಯಾರದಾದರೂ ದಾರ ಸಿಕ್ಕುಬಿದ್ದರೆ ಬೈಯುತ್ತಲೇ ಬಿಡಿಸಿಕೊಡುತ್ತಾನೆ. ಮರಿಮೀನು ಕಚ್ಚಿದರೆ, "ಹೋಗಪ್ಪಾ, ಹೋಗಿ ನಿಮ್ಮಮ್ಮನ್ನ ಕಳಿಸು" ಎಂದು ನೀರಿಗೆ ಬಿಡುತ್ತಾನೆ. ಅವನು ಹಿಡಿದ ಗೇಣುದ್ದದ ಮೀನು ಮನೆ ತಲುಪುವಷ್ಟರಲ್ಲಿ ಮಾತಿನಲ್ಲಿ ಮೊಳದುದ್ದ ಬೆಳೆದಿರುತ್ತದೆಂದು ಮಗಳಿಗೆ ನಗು. ಮೊನ್ನೆ ಮಾತ್ರ ತೊಯ್ದು ತೊಪ್ಪೆಯಾಗಿ ಬಂದವನು, "ಕಾಲು ಜಾರ್ತು ಕಣೇ" ಎಂದಷ್ಟೇ ಹೇಳಿ ಮಲಗಿಬಿಟ್ಟ. ಮರುದಿನ ಅಪರಿಚಿತ ಹೆಂಗಸೊಬ್ಬಳು ಮಗುವನ್ನೆತ್ತಿಕೊಂಡು ಬಂದು, "ನೀರಿಗೆ ಬಿದ್ದ ಇವಳನ್ನ ಧುಮುಕಿ ಎತ್ಕೊಟ್ಟೋರ ಮನೆ ಇದೇನಾ?" ಎಂದಳು. ಮಗಳು ಬಾಗಿಲನ್ನು ಪೂರ್ತಿ ತೆರೆದು, ಓಣಿಗೆಲ್ಲ ಕೇಳುವಂತೆ, "ಇದೇ! ಅವರು ನಮ್ಮಪ್ಪ!" ಎಂದಳು.